ಪಾರ್ಕಿನಲ್ಲಿ ತೆಗೆದ ಫೋಟೊದಲ್ಲಿ ಮುಖ ಕಪ್ಪು, ಗದ್ದ ಹಸಿರು

ಪ್ರಶ್ನೆ: ಚಳಿಗಾಲದ ಬೆಳಗ್ಗೆ ಪಾರ್ಕಿನಲ್ಲಿ ತಂಗಿಯ ಪೋರ್ಟ್ರೇಟ್ ತೆಗೆಯುತ್ತಿದ್ದೇನೆ. ಸೂರ್ಯ ಅವಳ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಮರದ ಕೆಳಗೆ ನಿಲ್ಲಿಸಿದರೆ ಕೆನ್ನೆ ತುಂಬ ಬಿಸಿಲಿನ ಚುಕ್ಕೆ, ಗದ್ದವೆಲ್ಲ ಹಸಿರು. ನನ್ನದು ಎಪಿಎಸ್-ಸಿ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 50 ಎಂಎಂ ಲೆನ್ಸ್. 85 ಎಂಎಂ ಕೊಳ್ಳಬೇಕಾ?

ಉತ್ತರ: ಸದ್ಯಕ್ಕೆ ಖಂಡಿತ ಬೇಡ. ನಿಮ್ಮ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್, ಫುಲ್‌ಫ್ರೇಮ್‌ನ (ದೊಡ್ಡ ಸೆನ್ಸರಿನ ಕ್ಯಾಮೆರಾದ) 75-80 ಎಂಎಂ ಲೆನ್ಸಿನಷ್ಟೇ ನೋಟ ಕೊಡುತ್ತದೆ. ಪೋರ್ಟ್ರೇಟ್‌ಗೆ ಹೇಳಿ ಮಾಡಿಸಿದ ಅಳತೆ ಅದು. ನೀವು ಬದಲಾಯಿಸಬೇಕಿರುವುದು ತಂಗಿ ನಿಲ್ಲುವ ಜಾಗ.

ಚಳಿಗಾಲದಲ್ಲಿ ಸೂರ್ಯ ಬೇಸಿಗೆಯಷ್ಟು ಮೇಲೇರುವುದಿಲ್ಲ. ಓರೆ ಬೆಳಕು ಜಾಸ್ತಿ ಹೊತ್ತು ಸಿಗುತ್ತದೆ, ಹಾಗಾಗಿ ಆತುರ ಬೇಡ. ಸೂರ್ಯ ಅವಳ ಬೆನ್ನಿಗೇ ಇರಲಿ. ಕೂದಲಿನ ಅಂಚು ಹೊಳೆಯುವುದೇ ಆ ಬೆಳಕಿಗೆ. ಹಿಂದಿನ ಪ್ರಖರ ಬೆಳಕು ಕಂಡ ಕ್ಯಾಮೆರಾ ಇಡೀ ಚಿತ್ರವನ್ನು ಮಂಕು ಮಾಡುತ್ತದೆ, ಅದಕ್ಕೇ ಮುಖ ಕಪ್ಪಾಗುವುದು. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7 ಅಥವಾ +1ಕ್ಕೆ ಏರಿಸಿ. ಬಿಸಿಲು ನೇರ ಲೆನ್ಸಿಗೆ ಬೀಳದಂತೆ ಹುಡ್ ಹಾಕಿ. ಜೊತೆಗೆ ಯಾರಾದರೂ ಇದ್ದರೆ, ಅವಳ ಎದುರು ಎದೆಮಟ್ಟದಲ್ಲಿ ಬಿಳಿ ಥರ್ಮಾಕೋಲ್ ಹಾಳೆ ಹಿಡಿಯಲಿ. ಅದು ಬಿಸಿಲನ್ನು ಮುಖಕ್ಕೆ ತಿರುಗಿಸುತ್ತದೆ, ಕಣ್ಣಿಗೂ ಜೀವ ಬರುತ್ತದೆ.

ಮರದ ಕೆಳಗೆ ನಿಲ್ಲಿಸುವಾಗ ಮೊದಲು ನಿಮ್ಮ ಅಂಗೈಯನ್ನು ಅವಳ ಮುಖ ಬರುವ ಎತ್ತರಕ್ಕೆ ಹಿಡಿದು ನೋಡಿ. ಅಂಗೈ ಮೇಲೆ ಚುಕ್ಕೆ ಬಿದ್ದರೆ ಮುಖದ ಮೇಲೂ ಬೀಳುತ್ತದೆ ಅಲ್ವಾ? ಹೆಜ್ಜೆ ಹೆಜ್ಜೆ ಸರಿಯುತ್ತಾ ಚುಕ್ಕೆಯಿಲ್ಲದ ಜಾಗ ಹುಡುಕಿ. ದಟ್ಟ ನೆರಳಿನ ಅಂಚು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಅವಳ ಮುಖ ಬಯಲಿನ ಕಡೆ ತಿರುಗಿರಲಿ. ಇನ್ನು ಹಸಿರು ಬರುವುದು ಬಿಸಿಲು ಬಿದ್ದ ಹುಲ್ಲಿನಿಂದ. ಹುಲ್ಲು ಬಿಟ್ಟು ಮಣ್ಣಿನ ಅಥವಾ ಕಲ್ಲುಹಾಸಿನ ದಾರಿ ಮೇಲೆ ನಿಲ್ಲಿಸಿದರೆ ಅದು ಬಹುಪಾಲು ಹೋಗುತ್ತದೆ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆದಿದ್ದರೆ, ಉಳಿದಿದ್ದನ್ನು ಎಡಿಟ್ ಮಾಡುವಾಗ ಟಿಂಟ್ (ಹಸಿರು-ಮಜೆಂಟಾ ಬಣ್ಣದ ಹದ) ಅನ್ನು ಚೂರು ಮಜೆಂಟಾ ಕಡೆ ಸರಿಸಿ ಸರಿಮಾಡಬಹುದು.

ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/2.8, ಶಟರ್ 1/250 ಸೆಕೆಂಡ್, ಫೋಕಸ್ ನಿಮಗೆ ಹತ್ತಿರದ ಕಣ್ಣಿನ ಮೇಲೆ. ಇಷ್ಟು ಸಾಕು.

ಚಳಿಗೆ ಭುಜ ಕಿವಿಯವರೆಗೂ ಏರಿ ಕೂತರೆ ಯಾವ ಬೆಳಕೂ ಚಿತ್ರವನ್ನು ಉಳಿಸುವುದಿಲ್ಲ. ನಡುನಡುವೆ ಸ್ವೆಟರ್ ಹಾಕಿಕೊಳ್ಳಲು ಬಿಡಿ, ಸುಮ್ನೆ ನಾಲ್ಕು ಹೆಜ್ಜೆ ನಡೆಯಲಿ. ತುಟಿ ಒಡೆದಿದ್ದರೆ ಲಿಪ್‌ಬಾಮ್ ಹಚ್ಚಲು ಹೇಳಿ, ಎಡಿಟಿಂಗ್‌ನಲ್ಲಿ ತಿದ್ದಿದ ತುಟಿ ಎದ್ದು ಕಾಣುತ್ತದೆ. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ.

ಮುಂದೆ ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಒಯ್ಯುವುದಾದರೆ ಗೇಟಿನಲ್ಲೇ ವಿಚಾರಿಸಿ. ಎಷ್ಟೋ ಉದ್ಯಾನಗಳಲ್ಲಿ ಅದಕ್ಕೆ ಬೇರೆ ಅನುಮತಿ ಬೇಕಾಗುತ್ತದೆ.