‘ಯು’ ಬಂತು ಅಂತ ಬಫರ್ ಹಿಗ್ಗಿಸಬೇಡಿ

ಪ್ರಶ್ನೆ: ಯುಎಸ್‌ಆರ್‌ಪಿಯಲ್ಲಿ (ಕಂಪ್ಯೂಟರ್‌ನಿಂದ ನಡೆಸುವ ಸಾಫ್ಟ್‌ವೇರ್ ರೇಡಿಯೋ) ಸೆಕೆಂಡಿಗೆ 1 ಕೋಟಿ ಸ್ಯಾಂಪಲ್ (ಸಿಗ್ನಲ್‌ನ ಒಂದೊಂದು ಕ್ಷಣದ ಅಳತೆ) ಕಳಿಸುತ್ತಿದ್ದೇನೆ. ಪರದೆ ತುಂಬಾ ‘ಯು’ ಅಕ್ಷರ ಬರುತ್ತದೆ. ಡೇಟಾ ಕೂಡಿಡುವ ಬಫರ್ ಹತ್ತು ಪಟ್ಟು ಮಾಡಿದೆ. ಸ್ವಲ್ಪ ಹೊತ್ತು ಸರಿ ಇತ್ತು, ಆಮೇಲೆ ಮತ್ತೆ ಶುರು. ಇನ್ನೆಷ್ಟು ಹೆಚ್ಚಿಸಲಿ?

ಉತ್ತರ: ಹೆಚ್ಚಿಸಬೇಡಿ. ‘ಯು’ ಅಂದರೆ ಅಂಡರ್‌ರನ್, ರೇಡಿಯೋಗೆ ಬೇಕಾದ ಹೊತ್ತಿಗೆ ಡೇಟಾ ತಲುಪಿಲ್ಲ ಅಂತ. ಅಂಡರ್‌ರನ್ ಅಂದ ಕೂಡಲೇ ಎಲ್ಲರೂ ಬಫರ್‌ಗೇ ಕೈ ಹಾಕುತ್ತಾರೆ, ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಒಂದು ಸ್ಯಾಂಪಲ್‌ಗೆ ಐ, ಕ್ಯೂ ಅಂತ ಎರಡು ಅಂಕಿ, ತಲಾ 16 ಬಿಟ್, ಒಟ್ಟು 4 ಬೈಟ್. ಅಂದರೆ ಸೆಕೆಂಡಿಗೆ 40 ಮೆಗಾಬೈಟ್. ನಿಮ್ಮ ಪ್ರೋಗ್ರಾಂ ಸರಾಸರಿ 38 ಮಾತ್ರ ತಯಾರಿಸುತ್ತಿದ್ದರೆ 40 ಮೆಗಾಬೈಟ್ ಬಫರ್ ತುಂಬಿಸಿಟ್ಟರೂ 20 ಸೆಕೆಂಡಿಗೆ ಖಾಲಿ. ತೊಟ್ಟಿ ದೊಡ್ಡದು ಮಾಡಿದರೆ ನಲ್ಲಿಯಲ್ಲಿ ನೀರು ಜಾಸ್ತಿ ಬರುತ್ತಾ?

ಮೊದಲು ರೇಡಿಯೋ ಬಿಟ್ಟು ಬರೀ ಸಿಗ್ನಲ್ ತಯಾರಿಸುವ ಭಾಗ ಓಡಿಸಿ, ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಬರುತ್ತದೆ ಅಳೆಯಿರಿ. ಬೇಕಾದ್ದರ ಎರಡು ಪಟ್ಟಾದರೂ ಬರದಿದ್ದರೆ ನಾನಂತೂ ನಂಬುವುದಿಲ್ಲ. ಸಾಲದಿದ್ದರೆ ಅಲೆಯನ್ನು ಮೊದಲೇ ತಯಾರಿಸಿ ಮೆಮೊರಿಯಲ್ಲಿಡಿ, ಇಲ್ಲವೇ ಸ್ಯಾಂಪಲ್ ರೇಟ್ ಇಳಿಸಿ.

ಸರಾಸರಿ ಚೆನ್ನಾಗಿದ್ದೂ ಆಗೊಮ್ಮೆ ಈಗೊಮ್ಮೆ ‘ಯು’ ಬಂದರೆ ಅದು ಬೇರೆ ಕಥೆ. ಆಪರೇಟಿಂಗ್ ಸಿಸ್ಟಂ ನಿಮ್ಮ ಥ್ರೆಡ್ಡನ್ನು (ಪ್ರೋಗ್ರಾಂನೊಳಗೆ ಬೇರೆಯಾಗಿ ಓಡುವ ಕೆಲಸ) ಕೆಲವು ಮಿಲಿಸೆಕೆಂಡ್ ಪಕ್ಕಕ್ಕಿಟ್ಟಿರುತ್ತದೆ, ಅಥವಾ ಡಿಸ್ಕ್ ತಡಮಾಡಿರುತ್ತದೆ. ಬಫರ್ ಇರುವುದು ಇದಕ್ಕೆ. ತಯಾರಿಸಲು ಒಂದು ಥ್ರೆಡ್, ಕಳಿಸಲು ಇನ್ನೊಂದು, ನಡುವೆ ರಿಂಗ್ ಬಫರ್ (ಕೊನೆ ಮುಟ್ಟಿದರೆ ಮತ್ತೆ ಮೊದಲಿಂದ ತುಂಬುವ ಬಫರ್). ಕಳಿಸುವ ಥ್ರೆಡ್‌ನಲ್ಲಿ ಫೈಲ್ ಓದುವುದು, ಮೆಮೊರಿ ಕೇಳುವುದು, ಪ್ರಿಂಟ್ ಮಾಡುವುದು ಯಾವುದೂ ಬೇಡ, ಅದಕ್ಕೆ ಆದ್ಯತೆ ಜಾಸ್ತಿ ಕೊಡಿ. ಬಫರ್ ಅರ್ಧವಾದರೂ ತುಂಬಿದ ಮೇಲೆಯೇ ಕಳಿಸಲು ಶುರು ಮಾಡಿ. ನಿಮ್ಮ ವೇಗಕ್ಕೆ 100 ಮಿಲಿಸೆಕೆಂಡ್ ಅಂದರೆ 4 ಮೆಗಾಬೈಟ್, ಅಷ್ಟು ಧಾರಾಳ ಸಾಕು. ಆದರೆ ಕೆಲವೇ ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಡಬೇಕಾದ ಪ್ರೋಟೋಕಾಲ್ ಆದರೆ ಅಷ್ಟು ತಡ ನಡೆಯುವುದಿಲ್ಲ, ಅಲ್ಲಿ ಚಿಕ್ಕ ಬಫರ್‌ನಲ್ಲೇ ಏಗಬೇಕು.

ಕಳಿಸಿ ಮುಗಿದ ಮೇಲೆ ಒಂದೇ ಒಂದು ‘ಯು’ ಬಂದರೆ, ಕೊನೆಯ ಪ್ಯಾಕೆಟ್‌ಗೆ ಎಂಡ್ ಆಫ್ ಬರ್ಸ್ಟ್ (ಇಲ್ಲಿಗೆ ಮುಗಿಯಿತು) ಗುರುತು ಹಾಕಿಲ್ಲ ಅಂತ ಅರ್ಥ. ರೇಡಿಯೋ ಇನ್ನೂ ಡೇಟಾ ಬರುತ್ತದೆ ಅಂತ ಕಾಯುತ್ತಿರುತ್ತದೆ.

ಇನ್ನು, ಡೇಟಾ ತಡವಾದಾಗ ಸೊನ್ನೆ ತುಂಬಿಸಿ ಅಂತ ಸಲಹೆ ಕೊಡುವವರಿದ್ದಾರಲ್ಲ, ಅವರ ಮಾತು ದಯವಿಟ್ಟು ಕೇಳಬೇಡಿ. ‘ಯು’ ಕಾಣೆಯಾಗುತ್ತದೆ, ತಪ್ಪು ಹಾಗೇ ಇರುತ್ತದೆ. ಸಿಗ್ನಲ್ ನಡುವೆ ತುಂಡಾಗಿ ಪಕ್ಕದ ಚಾನಲ್‌ಗಳಿಗೆ ಕಸ ಚೆಲ್ಲುತ್ತದೆ, ಆ ಕಡೆಯ ರಿಸೀವರ್ ಲಯ ತಪ್ಪುತ್ತದೆ. ಎಲ್ಲ ಸರಿಹೋಗುವವರೆಗೂ ಆಂಟೆನಾ ಹಾಕಲೇಬೇಡಿ, ಸಿಗ್ನಲ್ಲನ್ನು ಗಾಳಿಗೆ ಬಿಡದೆ ತಾನೇ ನುಂಗುವ ಡಮ್ಮಿ ಲೋಡ್ ಹಾಕಿ.

ಪ್ರಶ್ನೆ: ಚಿನ್ನದ ಲೇಪದ ಯುಎಸ್‌ಬಿ ಕೇಬಲ್ ಹಾಕಿದರೆ ಅಂಡರ್‌ರನ್ ನಿಲ್ಲುತ್ತದಂತೆ?

ಉತ್ತರ: ಸುಳ್ಳು. ಯುಎಸ್‌ಬಿ 3 ರೇಡಿಯೋವನ್ನು ನಿಧಾನದ ಯುಎಸ್‌ಬಿ 2 ಪೋರ್ಟ್‌ಗೆ ಸಿಕ್ಕಿಸಿದ್ದೀರಾ, ಅದನ್ನು ನೋಡಿ.

ಪ್ರಶ್ನೆ: ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ಗೆ ಟ್ರಾನ್ಸ್‌ಮಿಟ್ ಬಫರ್ ಎಷ್ಟಿರಬೇಕು?

ಉತ್ತರ: ಅದು ಬರೀ ರಿಸೀವರ್, ಸಿಗ್ನಲ್ ಕಳಿಸುವುದೇ ಇಲ್ಲ.

ಪ್ರಶ್ನೆ: ನನಗೆ ‘ಯು’ ಬದಲು ‘ಎಲ್’ ಬರುತ್ತದೆ.

ಉತ್ತರ: ‘ಎಲ್’ ಅಂದರೆ ಲೇಟ್. ಕಳಿಸಲು ನೀವು ಹೇಳಿದ ಸಮಯ ದಾಟಿದ ಮೇಲೆ ಪ್ಯಾಕೆಟ್ ರೇಡಿಯೋಗೆ ತಲುಪಿದೆ. ಶುರುವಾಗುವ ಸಮಯವನ್ನು ಇನ್ನೊಂದಿಷ್ಟು ಮುಂದಕ್ಕೆ ಹಾಕಿ.