ಜಾತ್ರೆಯಲ್ಲಿ ಮಾರುವ ಬಣ್ಣದ ಆಟಿಕೆಗಳಲ್ಲಿ ಸೀಸವಿಲ್ಲವೆಂದು ಅಂಗಡಿಯವರು ಹೇಗೆ ಖಚಿತಪಡಿಸಿಕೊಳ್ಳಬೇಕು?

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಮಾರಲು ಸಗಟು ವ್ಯಾಪಾರಿಯಿಂದ ತರುವ ಆಟಿಕೆಗಳ ಬಣ್ಣ ಮಕ್ಕಳಿಗೆ ಸುರಕ್ಷಿತವೇ ಎಂದು ತಾವು ಕೇಳಿದ್ದೀರಿ. ನೋಡಿ, ಮೂಸಿ ಅಥವಾ ಉಜ್ಜಿ ಇದನ್ನು ತಿಳಿಯಲಾಗದು. ಸೀಸದ ಕ್ರೋಮೇಟ್ ಬೆರೆತ ಹಳದಿಯೂ ಸೀಸವಿಲ್ಲದ ಹಳದಿಯೂ ಕಣ್ಣಿಗೆ ಒಂದೇ.

ಆದ್ದರಿಂದ ಸರಬರಾಜಿನ ಹಾದಿಯಲ್ಲಿ ಹಿಂದಕ್ಕೆ ಹೋಗಬೇಕು. ಸೀಸವು ಹೆಚ್ಚಾಗಿ ಸೇರುವುದು ವರ್ಣದ್ರವ್ಯವನ್ನು ತಯಾರಿಸಿ ಪೇಂಟಿಗೋ ಪ್ಲಾಸ್ಟಿಕ್‌ಗೋ ಬೆರೆಸುವ ಹಂತದಲ್ಲಿ. ಆಟಿಕೆ ಜೋಡಿಸುವವರಿಗೂ ಅವರು ಕೊಂಡ ಬಣ್ಣದ ಡಬ್ಬಿಯಲ್ಲಿ ಏನಿದೆಯೆಂಬುದು ಗೊತ್ತಿಲ್ಲದಿರಬಹುದು, ಮತ್ತು ಪರೀಕ್ಷೆಯ ನಂತರ ಅಗ್ಗದ ಬಣ್ಣಕ್ಕೆ ಬದಲಾಯಿಸಿದರೆ ಹಳೆಯ ವರದಿಗೆ ಬೆಲೆಯೇ ಇರುವುದಿಲ್ಲ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂದು 2016ರ ನಿಯಮ ಹೇಳುತ್ತದೆ. ಆಟಿಕೆಗಳಿಗೆ ಐಎಸ್ 9873 ಎಂಬ ಭಾರತೀಯ ಮಾನಕವಿದೆ. ಮಗು ಬಣ್ಣದ ಚೂರನ್ನು ನುಂಗಿದರೆ ದೇಹಕ್ಕೆ ಎಷ್ಟು ಸೇರೀತೆಂದು ತಿಳಿಯಲು, ಅದರ 3ನೆಯ ಭಾಗದಂತೆ ಕೆರೆದ ಬಣ್ಣವನ್ನು ಜಠರಾಮ್ಲವನ್ನು ಹೋಲುವ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು, ಹೊರಬರುವ ಸೀಸ, ಕ್ಯಾಡ್ಮಿಯಂ ಮುಂತಾದವುಗಳನ್ನು ಅಳೆಯುತ್ತಾರೆ. ನನ್ನ ದೃಷ್ಟಿಯಲ್ಲಿ ತಾವು ಕೇಳಿ ಪಡೆಯಬೇಕಾದ ವರದಿ ಇದೇ.

2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದರ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನು (ತಯಾರಕರ ಪರವಾನಗಿ ಸಂಖ್ಯೆ) ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ತಯಾರಕರ ಹೆಸರು ಪೊಟ್ಟಣದ ಮೇಲಿನದಕ್ಕೆ ತಾಳೆಯಾಗುವುದೇ ನೋಡಿ. ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೆ ವಿನಾಯಿತಿ ಇರುವುದರಿಂದ, ಯಾವ ಬಣ್ಣ ಬಳಸಿದ್ದಾರೆಂದು ಅವರನ್ನೇ ಕೇಳಬೇಕು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ತಯಾರಕರ ಹೆಸರಿಲ್ಲದ ಮಾಲನ್ನು ಎಷ್ಟೇ ಅಗ್ಗವಾದರೂ ದಯವಿಟ್ಟು ತರಬೇಡಿ. ಕೊಂಡ ಮಾಲಿನ ಬಿಲ್ಲು ಮತ್ತು ಬ್ಯಾಚ್ ಸಂಖ್ಯೆಯನ್ನು ಇಟ್ಟುಕೊಂಡರೆ, ದೋಷ ಕಂಡಾಗ ಆ ಬ್ಯಾಚನ್ನಷ್ಟೇ ಹಿಂತಿರುಗಿಸಬಹುದು.