ಸಂಪಾದಕರ ಉತ್ತರ: ದೂರದ ಗಣಿ ಊರಿಗೂ ಜ್ವರ ಬಂದದ್ದು

ರಾಬರ್ಟ್‌ಸನ್‌ಪೇಟೆಯ ಓದುಗರೊಬ್ಬರು ಬರೆಯುತ್ತಾರೆ: 'ಕಳೆದ ಸಂಚಿಕೆಯಲ್ಲಿ 1918ರ ಇನ್‌ಫ್ಲುಯೆಂಜಾ ಬಗ್ಗೆ ಬರೆದಿರಿ. ಮುಂಬೈ ಬಂದರು, ಸಿಪಾಯಿಗಳು, ರೈಲು ಎಲ್ಲ ಬಂತು, ಗಣಿ ಊರುಗಳ ಮಾತು ಮಾತ್ರ ಇಲ್ಲ. ನಮ್ಮ ತಾತ, ಅಪ್ಪ ಇಬ್ಬರೂ ಕೆಜಿಎಫ್‌ನಲ್ಲಿ ದುಡಿದವರು. ಗಣಿ ಊರುಗಳು ಎಲ್ಲೋ ಮೂಲೆಯಲ್ಲಿ, ಜನರಿಂದ ದೂರ ಇರುತ್ತವೆ. ಅಲ್ಲಿ ಸಾವು ಕಡಿಮೆ ಇರಬೇಕಿತ್ತಲ್ವಾ?'

ಇರಬೇಕಿತ್ತು ಅಂತ ನಮಗೂ ಅನ್ನಿಸುತ್ತದೆ. ಆದರೆ ಅಮೆರಿಕದ ಸಿಲ್ವರ್ಟನ್ ಕಥೆ ಕೇಳಿ.

ಕೊಲೊರಾಡೊ ರಾಜ್ಯದ ಬೆಟ್ಟಗಳ ನಡುವೆ, 9,300 ಅಡಿ ಎತ್ತರದಲ್ಲಿರುವ ಬೆಳ್ಳಿ, ಚಿನ್ನದ ಗಣಿ ಊರು ಅದು. 1882ರಲ್ಲಿ ಅಲ್ಲಿಗೆ ಡುರಾಂಗೊ ಕಡೆಯಿಂದ ನ್ಯಾರೋಗೇಜ್ ರೈಲು ಬಂತು. ನಿಮ್ಮ ಕಡೆ ಬಂಗಾರಪೇಟೆಯಿಂದ ಕೋಲಾರಕ್ಕೆ ಓಡುತ್ತಿತ್ತಲ್ಲ, ಅಂಥದ್ದೇ ಪುಟ್ಟ ಗಾಡಿ. ಅದಿರು ಕೆಳಕ್ಕೆ ಹೋಗಬೇಕು, ತಿನ್ನುವ ಸಾಮಾನು ಮೇಲಕ್ಕೆ ಬರಬೇಕು. ಅಂದಮೇಲೆ ಅದು ದೂರದ ಊರು ಹೌದು, ಒಂಟಿ ಊರು ಅಲ್ಲ. ಎರಡು ಸಾವಿರ ಜನವೂ ಇದ್ದಿರಲಾರದ ಆ ಊರಲ್ಲಿ 1918ರ ಶರತ್ಕಾಲದ ಕೆಲವೇ ವಾರಗಳಲ್ಲಿ ಸುಮಾರು 150 ಮಂದಿ ಸತ್ತರು. ಒಬ್ಬೊಬ್ಬರಿಗೂ ಬೇರೆ ಬೇರೆ ಗುಂಡಿ ತೋಡಲು ಆಗಲಿಲ್ಲ. ಊರ ಸ್ಮಶಾನದಲ್ಲಿ ಒಂದೇ ಉದ್ದನೆಯ ಗುಂಡಿಯಲ್ಲಿ ಹಲವರನ್ನು ಹೂತರು.

ಇಷ್ಟು ಸಾವು ಯಾಕೆ? ಆ ವರ್ಷದ ಜ್ವರ ಮುದುಕರಿಗಿಂತ ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದವರನ್ನೇ ಜಾಸ್ತಿ ಹಿಡಿಯಿತು. ಗಣಿ ಊರು ತುಂಬಾ ಇರೋದು ಅವರೇ ಅಲ್ವಾ? ಬಹಳ ಜನ ಯುರೋಪಿನಿಂದ ಒಂಟಿಯಾಗಿ ಬಂದವರು. ಗಣಿ ಬಾಯಿಯ ಹತ್ತಿರದ ಬೋರ್ಡಿಂಗ್ ಮನೆಗಳಲ್ಲಿ ಸಾಲು ಮಂಚ, ಒಂದೇ ಊಟದ ಮೇಜು. ಪಾಳಿ ಮುಗಿದರೆ ಒಂದೇ ಕೋಣೆಯಲ್ಲಿ ಒದ್ದೆ ಬಟ್ಟೆ ಬದಲಿಸುವುದು. ಗಣಿಗೆ ಇಳಿಯುವಾಗ ಮೈಗೆ ಮೈ ತಾಗಿಸಿ ನಿಲ್ಲುವುದು. ಬೆಟ್ಟದ ಗಾಳಿ ಎಷ್ಟು ಚೊಕ್ಕವಾಗಿದ್ದರೇನು, ಅವರು ಉಸಿರಾಡಿದ್ದು ಪಕ್ಕದವನು ಬಿಟ್ಟ ಗಾಳಿ. ಎದೆಯಲ್ಲಿ ಕಲ್ಲಿನ ದೂಳು ಬೇರೆ. ಆ ದೂಳು ತರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಅಂದರೆ ಏನು ಅಂತ ಕೆಜಿಎಫ್‌ನವರಿಗೆ ನಾನು ಹೇಳಬೇಕಿಲ್ಲ. ಹಾಗೆ ಕೆಟ್ಟ ಶ್ವಾಸಕೋಶಕ್ಕೆ ನ್ಯುಮೋನಿಯಾ ಬಂದರೆ ಉಳಿಯುವುದು ಕಷ್ಟ. ಆಗ ಇದಕ್ಕೆ ಔಷಧಿಯೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ನೀರು, ಗಂಜಿ ಕೊಡುವ ಒಬ್ಬರು ಇದ್ದರೆ ಬದುಕುವ ಆಸೆ. ಹೆಂಡತಿ, ತಾಯಿ ಸಮುದ್ರದಾಚೆ ಇದ್ದವನಿಗೆ ಅದನ್ನು ಕೊಡುವವರು ಯಾರು?

ಆದರೆ ದೂರ ಇದ್ದದ್ದು ಉಪಯೋಗಕ್ಕೆ ಬಂದ ಊರೂ ಅದೇ ರಾಜ್ಯದಲ್ಲಿದೆ. ಗನ್ನಿಸನ್. ಸುತ್ತ ಗಣಿಗಳು, ದನದ ಕಾವಲುಗಳು, ನಡುವೆ ಈ ಸಣ್ಣ ಪೇಟೆ. ಜ್ವರ ಬರುವ ಮೊದಲೇ ಊರವರು ರಸ್ತೆಗಳಿಗೆ ಅಡ್ಡಗಟ್ಟಿದರು. ರೈಲಿನಿಂದ ಇಳಿದವರು ಕೆಲವು ದಿನ ಬೇರೆಯಾಗಿ ಇರಬೇಕು, ಒಪ್ಪದವರಿಗೆ ಜೈಲು. 1919ರ ಫೆಬ್ರವರಿವರೆಗೆ ಹೀಗೇ ನಡೆಯಿತು. ಆ ತಿಂಗಳುಗಳಲ್ಲಿ ಊರಲ್ಲಿ ಜ್ವರದ ಸಾವು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾದರೆ ಬೇಲಿ ಹಾಕಿದರೆ ಸಾಕು ಅನ್ನುತ್ತೀರಾ? ಇಲ್ಲ, ಇನ್ನೊಂದು ಕಡೆ ಬೇಲಿ ಮೊದಲಿಂದಲೇ ಇತ್ತು.

ದಕ್ಷಿಣ ಆಫ್ರಿಕಾದ ಕಿಂಬರ್ಲಿ. ಊರು ಸಣ್ಣದಲ್ಲ, ಆದರೆ ಡಿ ಬಿಯರ್ಸ್ ಕಂಪನಿಯ ವಜ್ರದ ಗಣಿಗಳ ಒಂದೊಂದು ಕಾಂಪೌಂಡೂ, ಅಂದರೆ ಕೂಲಿಗಳನ್ನು ಇಡುವ ಗೋಡೆ ಸುತ್ತಿದ ವಸತಿ, ಒಂದು ಮುಚ್ಚಿದ ಹಳ್ಳಿ. ವಜ್ರ ಕದ್ದಾರು ಅಂತ ಕರಿಯ ಕೂಲಿಗಳನ್ನು ಒಪ್ಪಂದ ಮುಗಿಯುವ ತನಕ ಒಳಗೇ ಇಡುತ್ತಿದ್ದರು. 1918ರ ಸೆಪ್ಟೆಂಬರ್‌ನಲ್ಲಿ ಕೇಪ್‌ಟೌನ್‌ಗೆ ಬಂದ ಸೈನ್ಯದ ಹಡಗುಗಳ ಜೊತೆ ಜ್ವರ ಇಳಿಯಿತು. ರೈಲು ಹಿಡಿದು ಕಿಂಬರ್ಲಿ ಮುಟ್ಟಿತು. ಕೂಲಿಗಳನ್ನು ತಡೆಯುತ್ತಿದ್ದ ಗೋಡೆ ಜ್ವರವನ್ನು ತಡೆಯಲಿಲ್ಲ. ಒಳಗೆ ಬಂದ ಮೇಲೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಎರಡೂವರೆ ಸಾವಿರಕ್ಕೂ ಜಾಸ್ತಿ ಕೂಲಿಗಳು ಸತ್ತರು, ಅಂದರೆ ಐದರಲ್ಲಿ ಒಬ್ಬನಿಗಿಂತ ಹೆಚ್ಚು. ಗನ್ನಿಸನ್‌ನಲ್ಲಿ ಬಾಗಿಲು ಹಾಕಿಕೊಂಡವರು ಒಳಗಿದ್ದವರೇ. ಇಲ್ಲಿ ಕೀಲಿ ಕಂಪನಿಯ ಕೈಯಲ್ಲಿತ್ತು. ಈ ವ್ಯತ್ಯಾಸವೇ ನನಗೆ ದೊಡ್ಡದಾಗಿ ಕಾಣುವುದು.

ಅದೇ ದೇಶದ ಜೊಹಾನ್ಸ್‌ಬರ್ಗ್ ಸುತ್ತಿನ ಚಿನ್ನದ ಗಣಿಗಳಲ್ಲೂ ಜನ ಕಾಂಪೌಂಡುಗಳಲ್ಲೇ ಇದ್ದರು. ಆದರೂ ಅಲ್ಲಿ ಸಾವು ಬಹಳ ಕಡಿಮೆ. ಡರ್ಬನ್ ಕಡೆಯಿಂದ ಜ್ವರದ ಮೆತ್ತನೆಯ ಮೊದಲ ಅಲೆ ಅಲ್ಲಿಗೆ ಮುಂಚೆಯೇ ಬಂದು ಹೋಗಿತ್ತು. ಅದರಿಂದ ಎದ್ದವರನ್ನು ಎರಡನೆಯ ಅಲೆ ಅಷ್ಟಾಗಿ ಕಾಡಲಿಲ್ಲ ಎಂದು ಇತಿಹಾಸಕಾರರು ಹೇಳುತ್ತಾರೆ. ಇದು ಸುಮ್ನೆ ಅದೃಷ್ಟ, ಯಾರ ಜಾಣತನವೂ ಅಲ್ಲ.

ಕಿಂಬರ್ಲಿಯಲ್ಲಿ ಬದುಕಿ ಉಳಿದವರು ಕೆಲಸ ಬೇಡ, ಊರಿಗೆ ಕಳಿಸಿ ಅಂತ ಪಟ್ಟು ಹಿಡಿದರು. ಕೊನೆಗೆ ಕಂಪನಿ ಒಪ್ಪಿತು. ಸಾವಿರಾರು ಜನ ರೈಲು ಹತ್ತಿದರು. ಅವರ ಜೊತೆ ಜ್ವರವೂ ಹಳ್ಳಿಗಳಿಗೆ ಹೋಯಿತು. ಆ ದೇಶದಲ್ಲಿ ಒಟ್ಟು ಸುಮಾರು 3 ಲಕ್ಷ ಜನ ಸತ್ತರು. ಸಾರ್ವಜನಿಕ ಆರೋಗ್ಯಕ್ಕೆಂದು ಅಲ್ಲಿ ಒಂದು ಕಾಯ್ದೆ ಬಂದದ್ದು ಅದರ ಮರುವರ್ಷ, 1919ರಲ್ಲಿ.

- ಸಂಪಾದಕ